ಹೊಸ ಓಟು, ಒಳಪುಟದ ರಾಜಕೀಯ

ಕುಶಾಲನಗರದಿಂದ ಕೂಡಿಗೆ, ಹೆಬ್ಬಾಲೆ ದಾಟಿ ಹಾಸನದ ಕಡೆ ಹೊರಟರೆ ಕೊಡಗು ಜಿಲ್ಲೆ ಮುಗಿಯುವುದು ಶಿರಂಗಾಲದಲ್ಲಿ. ಮುಂದೆ ಸಿಗುವ ಕೊಣನೂರು ಅರಕಲಗೂಡು ತಾಲ್ಲೂಕಿನದು, ಅಂದರೆ ಹಾಸನ ಜಿಲ್ಲೆ. ಕಾವೇರಿಯ ಆಚೆ ದಡ ಪಿರಿಯಾಪಟ್ಟಣದ್ದು, ಅದು ಮೈಸೂರು ಜಿಲ್ಲೆ. 2023ರ ಮೇ 10ರಂದು ಶಿರಂಗಾಲದವರು ಓಟು ಹಾಕಿದ್ದು ಮಡಿಕೇರಿ ಕ್ಷೇತ್ರಕ್ಕೆ. ಗೆದ್ದವರು ಕಾಂಗ್ರೆಸ್ಸಿನ ಡಾ. ಮಂತರ್ ಗೌಡ. ಅದೇ ದಿನ ಅರಕಲಗೂಡಿನವರು ಗೆಲ್ಲಿಸಿದ್ದು ಜೆಡಿಎಸ್‌ನ ಎ. ಮಂಜು ಅವರನ್ನು. ಗಡಿಯ ಈಚೆ ಮಗ, ಆಚೆ ಅಪ್ಪ. ಪಕ್ಷ ಬೇರೆ ಬೇರೆ. ಹೊಳೆ ದಾಟಿದರೆ, ಪಿರಿಯಾಪಟ್ಟಣದಲ್ಲಿ ಗೆದ್ದವರು ಕೆ. ವೆಂಕಟೇಶ್. ಲೋಕಸಭೆಗೆ ಬಂದರೆ ಶಿರಂಗಾಲ ಮತ್ತು ಪಿರಿಯಾಪಟ್ಟಣ ಮೈಸೂರು-ಕೊಡಗು ಕ್ಷೇತ್ರಕ್ಕೆ, ಕೊಣನೂರು ಹಾಸನಕ್ಕೆ. ಸಂತೆಗೆ, ಆಸ್ಪತ್ರೆಗೆ, ನೆಂಟರ ಮನೆಗೆ ಅಂತ ಜನ ಈ ಗೆರೆಗಳನ್ನು ದಿನಾ ದಾಟುತ್ತಾರೆ. ಹೀಗಿರುವ ಊರಿನಲ್ಲಿ ಹದಿನೆಂಟು ತುಂಬಿದ ಹುಡುಗನೋ ಹುಡುಗಿಯೋ ಮೊದಲು ತಿಳಿಯಬೇಕಾದದ್ದು ಯಾರನ್ನು ಕೇಳುವ ಹಕ್ಕು ತನಗಿದೆ ಎಂಬುದನ್ನು.

ಆ ಹೊಸ ಮತದಾರನ ಮನೆಯ ಜಗಲಿಯಲ್ಲಿ ಕೂತ ತಾತನ ಲೆಕ್ಕ ಇನ್ನೂ ವಿಚಿತ್ರ. 1952ರಲ್ಲಿ ಕೊಡಗು ಒಂದು ರಾಜ್ಯವಾಗಿತ್ತು. 24 ಸ್ಥಾನಗಳ ವಿಧಾನಸಭೆ, ಮುಖ್ಯಮಂತ್ರಿಯಾಗಿ ಸಿ.ಎಂ. ಪೂಣಚ್ಚ, ಲೋಕಸಭೆಗೂ ಕೊಡಗಿಗೇ ಒಂದು ಸೀಟು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಜಿಲ್ಲೆಯ ಓಟು ಮಂಗಳೂರು ಲೋಕಸಭಾ ಕ್ಷೇತ್ರಕ್ಕೆ ಹೋಗತೊಡಗಿತು. ಕಡಲನ್ನೇ ಕಾಣದ ಶಿರಂಗಾಲದ ರೈತ 2004ರಲ್ಲೂ ಡಿ.ವಿ. ಸದಾನಂದ ಗೌಡರೋ ವೀರಪ್ಪ ಮೊಯಿಲಿಯವರೋ ಎಂದು ತೀರ್ಮಾನಿಸಬೇಕಿತ್ತು. ಕ್ಷೇತ್ರ ಮರುವಿಂಗಡಣೆಯ ನಂತರ, 2009ರಿಂದ, ಓಟು ಮೈಸೂರಿನ ಕಡೆ ತಿರುಗಿತು. ವಿಧಾನಸಭೆಗೆ ಸೋಮವಾರಪೇಟೆ ಎಂಬ ಕ್ಷೇತ್ರವಿತ್ತು. 2008ರಲ್ಲಿ ಅದು ಅಳಿಸಿಹೋಗಿ ಜಿಲ್ಲೆಗೆ ಮಡಿಕೇರಿ, ವಿರಾಜಪೇಟೆ ಎರಡೇ ಉಳಿದವು. ತಾಲ್ಲೂಕು ಕೂಡ ಸೋಮವಾರಪೇಟೆಯಿಂದ ಕುಶಾಲನಗರಕ್ಕೆ ಬದಲಾಗಿದೆ. ಮನೆ ಇದ್ದಲ್ಲೇ ಇದೆ, ವಿಳಾಸ ಮಾತ್ರ ಬದಲಾಗುತ್ತ ಬಂತು.

ಪೂಣಚ್ಚನವರ ಹೆಸರು ಬಂತಲ್ಲ, ಇನ್ನೊಂದು ಮಾತು. 1967ರಲ್ಲಿ ಅವರು ಮಂಗಳೂರಿನಿಂದ ಲೋಕಸಭೆಗೆ ಗೆದ್ದು ಕೇಂದ್ರದ ರೈಲ್ವೆ ಮಂತ್ರಿಯಾದರು. ಕೊಡಗಿನವರೇ ರೈಲ್ವೆ ಮಂತ್ರಿ. ಕೊಡಗು ಜಿಲ್ಲೆಗೆ ಮಾತ್ರ ರೈಲು ಬರಲಿಲ್ಲ. ಮೈಸೂರು-ಕುಶಾಲನಗರ ಮಾರ್ಗದ ಸುದ್ದಿಯನ್ನು ಅಪ್ಪ ಓದಿದ್ದಾರೆ, ಮಗನೂ ಓದುತ್ತಿದ್ದಾನೆ. ಸಮೀಕ್ಷೆ, ಮಂಜೂರಾತಿ, ಅನುದಾನ, ಮತ್ತೆ ಸಮೀಕ್ಷೆ. ಹದಿನೆಂಟರ ಮತದಾರನಿಗೆ ಅದು ಹೊಚ್ಚಹೊಸ ಭರವಸೆಯಾಗಿ ಕಾಣುತ್ತದೆ. ಪತ್ರಿಕೆ ಓದುತ್ತ ಬಂದವನಿಗೆ ಇದು ಎಷ್ಟನೇ ಸಲ ಎಂದು ಗೊತ್ತಿರುತ್ತದೆ. ಪತ್ರಿಕೆ ಓದುವುದರ ದೊಡ್ಡ ಲಾಭ ನನ್ನ ಪ್ರಕಾರ ಇದೇ. ಹೊಸ ಸುದ್ದಿ ಎಲ್ಲಿಯಾದರೂ ಸಿಗುತ್ತದೆ. ಹಳೆಯ ಸುದ್ದಿ ಏನಾಯಿತು ಎಂಬ ಲೆಕ್ಕ ಬೇರೆಲ್ಲೂ ಸುಲಭಕ್ಕೆ ಸಿಗುವುದಿಲ್ಲ.

ಈಗಿನ ಹುಡುಗರಿಗೆ ರಾಜಕೀಯ ಗೊತ್ತಿಲ್ಲ, ಆಸಕ್ತಿಯಿಲ್ಲ ಎಂದು ಹಿರಿಯರು ಗೊಣಗುವುದುಂಟು. ಒಪ್ಪುವ ಮಾತಲ್ಲ. ಬಸ್‌ಸ್ಟಾಂಡಿನಲ್ಲಿ ಹತ್ತು ನಿಮಿಷ ನಿಂತರೆ ಸಾಕು. ದೆಹಲಿಯಲ್ಲಿ ಯಾರು ಯಾರ ಮೇಲೆ ಮುನಿಸಿಕೊಂಡಿದ್ದಾರೆ, ಬೆಂಗಳೂರಿನಲ್ಲಿ ಮುಖ್ಯಮಂತ್ರಿ ಕುರ್ಚಿಯ ಕಥೆ ಎಲ್ಲಿಗೆ ಬಂತು, ಎಲ್ಲ ಅವರ ಬಾಯಲ್ಲೇ ಇರುತ್ತದೆ. ‘ಪೇಪರ್ ಯಾಕಣ್ಣ, ಎಲ್ಲಾ ಮೊಬೈಲಲ್ಲೇ ಬರುತ್ತಲ್ಲ’ ಅನ್ನುತ್ತಾರೆ. ಬರುತ್ತದೆ, ನಿಜ. ಆದರೆ ‘ನಿಮ್ಮ ಪಂಚಾಯಿತಿಯ ಪಿಡಿಒ ಯಾರಪ್ಪ’ ಎಂದು ಕೇಳಿ ನೋಡಿ. ‘ಈ ಸಲ ನಾಲೆಗೆ ನೀರು ಯಾವತ್ತು ಬಿಡ್ತಾರೆ, ಯಾರು ತೀರ್ಮಾನ ಮಾಡಿದ್ದು’ ಎಂದು ಕೇಳಿ ನೋಡಿ. ಮೊಬೈಲು ತೋರಿಸುವುದು ಲಕ್ಷಾಂತರ ಜನ ನೋಡುವಂಥದ್ದನ್ನು. ಶಿರಂಗಾಲದ ನಾಲೆಯನ್ನು ಲಕ್ಷಾಂತರ ಜನ ನೋಡುವುದಿಲ್ಲ. ಹಾಗಾಗಿ ನಮ್ಮ ಹೊಸ ಮತದಾರನಿಗೆ ದೆಹಲಿ ಹತ್ತಿರ, ಪಂಚಾಯಿತಿ ಕಚೇರಿ ದೂರ.

ಈ ಅಂತರ ತುಂಬುವುದು ಪತ್ರಿಕೆಯ ಮುಖಪುಟವಲ್ಲ, ಒಳಗಿನ ಜಿಲ್ಲಾ ಪುಟ. ಒಂದು ಉದಾಹರಣೆ ಕೊಡುತ್ತೇನೆ. ಮಳೆಗಾಲದಲ್ಲಿ ಒಂದು ಪುಟ್ಟ ಚೌಕಟ್ಟು ಬರುತ್ತದೆ: ಹಾರಂಗಿ ಜಲಾಶಯದ ಗರಿಷ್ಠ ಮಟ್ಟ 2,859 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ನದಿಗೆ ಇಷ್ಟು, ನಾಲೆಗೆ ಇಷ್ಟು. ಬೆರಳಗಲದ ಜಾಗ. ಹೆಚ್ಚಿನವರು ಅದನ್ನು ದಾಟಿ ಕ್ರಿಕೆಟ್‌ಗೆ ಹೋಗುತ್ತಾರೆ. ಕೂಡಿಗೆ, ಹೆಬ್ಬಾಲೆ, ತೊರೆನೂರು, ಶಿರಂಗಾಲದ ಗದ್ದೆಗಳ ರಾಜಕೀಯವೆಲ್ಲ ಆ ಚೌಕಟ್ಟಿನಲ್ಲಿದೆ. ಜಲಾಶಯ ಹಿಡಿಯುವುದು ಎಂಟೂವರೆ ಟಿಎಂಸಿ. ಅದರಲ್ಲೇ ಕೊಡಗಿನ ಈ ಅಂಚಿಗೂ ಹಾಸನ, ಮೈಸೂರು ಜಿಲ್ಲೆಗಳ ಅಚ್ಚುಕಟ್ಟಿಗೂ ಹಂಚಬೇಕು, ಉಳಿದದ್ದು ಕಾವೇರಿಗೆ. ನೀರು ಯಾವಾಗ ಬಿಡಬೇಕು, ಸತತವಾಗಿ ಬಿಡಬೇಕೋ ಕಟ್ಟು ಪದ್ಧತಿಯಲ್ಲೋ ಎಂದು ತೀರ್ಮಾನಿಸುವುದು ನೀರಾವರಿ ಸಲಹಾ ಸಮಿತಿ. ಅಲ್ಲಿ ಶಾಸಕರು ಕೂರುತ್ತಾರೆ, ಅಧಿಕಾರಿಗಳು ಕೂರುತ್ತಾರೆ. ಬೇರೆ ಬೇರೆ ಕ್ಷೇತ್ರದ ಶಾಸಕರು ತಂತಮ್ಮ ರೈತರ ಪರ ವಾದ ಮಾಡುತ್ತಾರೆ. ಮರುದಿನ ಪತ್ರಿಕೆಯಲ್ಲಿ ನಾಲ್ಕು ಪ್ಯಾರಾ ಸುದ್ದಿ, ಒಂದು ಫೋಟೊ. ಕಾಲುವೆ ಹೂಳೆತ್ತಲು ಎಷ್ಟು ಹಣ, ಗುತ್ತಿಗೆ ಯಾವ ಹಂತದಲ್ಲಿದೆ, ಕೊನೆಯ ತೂಬಿಗೆ ನೀರು ಬರುವುದಿಲ್ಲ ಎಂದು ಯಾರು ದನಿ ಎತ್ತಿದರು ಎಂಬುದೆಲ್ಲ ಅಲ್ಲಿರುತ್ತದೆ. ನನ್ನ ಶಾಸಕ ಬಾಯಿ ಬಿಟ್ಟರೋ ಇಲ್ಲವೋ ಎಂದು ತಿಳಿಯಲು ಶಿರಂಗಾಲದ ಮತದಾರನಿಗೆ ಆ ನಾಲ್ಕು ಪ್ಯಾರಾಕ್ಕಿಂತ ಒಳ್ಳೆಯ ದಾರಿ ಕಾಣೆ.

ಅದೇ ರೀತಿ ಶುಂಠಿ. ಅರವತ್ತು ಕಿಲೋ ಚೀಲದ ಬೆಲೆ ಏರಿದ ವರ್ಷ ಊರೆಲ್ಲ ಶುಂಠಿ ಹಾಕುತ್ತಾರೆ, ಮರುವರ್ಷ ಬಿದ್ದರೆ ತಲೆಯ ಮೇಲೆ ಕೈ. ಮುಸುಕಿನ ಜೋಳಕ್ಕೆ ಬೆಂಬಲ ಬೆಲೆ ಘೋಷಣೆಯಾಗಿರುತ್ತದೆ, ಖರೀದಿ ಕೇಂದ್ರ ಮಾತ್ರ ತೆರೆದಿರುವುದಿಲ್ಲ. ಘೋಷಣೆಗೂ ಕೇಂದ್ರದ ಬಾಗಿಲಿಗೂ ನಡುವೆ ಯಾವ ಕಡತ ಯಾರ ಮೇಜಿನ ಮೇಲಿತ್ತು ಎಂದು ಕೇಳುವುದು ಕೂಡ ರಾಜಕೀಯವೇ, ಬಹುಶಃ ಅದೇ ನಿಜವಾದ ರಾಜಕೀಯ.

ಇಲ್ಲಿ ಗಡಿಯೂರಿನದೇ ಒಂದು ತೊಡಕು ಹೇಳಬೇಕು. ರಾಜ್ಯಮಟ್ಟದ ಪತ್ರಿಕೆಗಳು ಜಿಲ್ಲೆಗೊಂದು ಪುಟ ಮಾಡುತ್ತವೆ. ಕುಶಾಲನಗರದಿಂದ ಬರುವ ಕಟ್ಟಿನಲ್ಲಿ ಕೊಡಗಿನ ಪುಟ, ಕೊಣನೂರಿನಲ್ಲಿ ಕೊಂಡರೆ ಅದೇ ಪತ್ರಿಕೆಯಲ್ಲಿ ಹಾಸನದ ಪುಟ. ಹಾಗಾಗಿ ಆಚೆಯ ಊರಿನಲ್ಲಿ ಪತ್ರಿಕೆ ಕೊಳ್ಳುವ ಶಿರಂಗಾಲದವನಿಗೆ ಪಕ್ಕದ ಜಿಲ್ಲೆಯ ಕೆಡಿಪಿ (ಅಭಿವೃದ್ಧಿ ಪರಿಶೀಲನಾ) ಸಭೆ ಗೊತ್ತು, ತನ್ನ ಜಿಲ್ಲೆಯದು ಗೊತ್ತಿಲ್ಲ. ಕೊಡಗಿಗೆ ಅದೃಷ್ಟಕ್ಕೆ ತನ್ನದೇ ದಿನಪತ್ರಿಕೆಯ ಪರಂಪರೆ ಇದೆ. ಬಿ.ಎಸ್. ಗೋಪಾಲಕೃಷ್ಣ ಮಡಿಕೇರಿಯಲ್ಲಿ ‘ಶಕ್ತಿ’ ಆರಂಭಿಸಿದ್ದು 1957ರಲ್ಲಿ, ಕೊಡಗು ರಾಜ್ಯ ಇಲ್ಲವಾದ ಬೆನ್ನಲ್ಲೇ. ಅದಕ್ಕೂ ಹಿಂದೆ, ಸ್ವಾತಂತ್ರ್ಯ ಹೋರಾಟದ ದಿನಗಳಲ್ಲಿ ಪತ್ರಿಕೆ ನಡೆಸಿದ ಪಂದ್ಯಂಡ ಬೆಳ್ಳಿಯಪ್ಪನವರೇ 1952ರಲ್ಲಿ ಮೈಸೂರಿನೊಂದಿಗಿನ ವಿಲೀನದ ವಿರುದ್ಧ ನಿಂತ ತಕ್ಕಡಿ ಗುರುತಿನ ಗುಂಪಿನ ಮುಂದಾಳು. ಆ ವರ್ಷದ ವಿಧಾನಸಭಾ ಚುನಾವಣೆಯಲ್ಲಿ ವಿಲೀನದ ಪರವಿದ್ದ ಕಾಂಗ್ರೆಸ್ಸಿಗೆ 15, ಎದುರಿಗಿದ್ದವರಿಗೆ 9 ಸ್ಥಾನ ಬಂತು. ಮೈಸೂರಿನಲ್ಲಿ ‘ಸ್ಟಾರ್ ಆಫ್ ಮೈಸೂರ್’ ಮತ್ತು ‘ಮೈಸೂರು ಮಿತ್ರ’ ಕಟ್ಟಿದ ಕೆ.ಬಿ. ಗಣಪತಿ ಕೊಡಗಿನವರು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ ತಂದ ಹರ್ಮನ್ ಮೊಗ್ಲಿಂಗ್ ಕೂಡ ಮುಂದೆ ಕೊಡಗಿಗೆ ಬಂದು, ಈ ನಾಡಿನ ಬಗ್ಗೆ 1855ರಲ್ಲಿ ಪುಸ್ತಕ ಬರೆದವರು. ತೀರ ಇತ್ತೀಚೆಗೆ, 2014ರಿಂದ 2024ರವರೆಗೆ, ಮೈಸೂರು-ಕೊಡಗು ಕ್ಷೇತ್ರದ ಸಂಸದರಾಗಿದ್ದ ಪ್ರತಾಪ ಸಿಂಹ ಅಂಕಣ ಬರೆದೇ ಹೆಸರಾದವರು. ಅಂಕಣಕಾರ ರಾಜಕಾರಣಿಯಾದರೆ ಓದುಗನಿಗೆ ಒಂದು ಅನುಕೂಲವಿದೆ: ಆಗ ಏನು ಬರೆದಿದ್ದರು, ಈಗ ಏನು ಮಾಡಿದರು ಎಂದು ಪಕ್ಕಪಕ್ಕ ಇಟ್ಟು ನೋಡಬಹುದು.

ಹಾಗೆಂದು ಪತ್ರಿಕೆಯಲ್ಲಿ ಬಂದದ್ದೆಲ್ಲ ಸತ್ಯ ಎಂದು ಹೊಸಬರಿಗೆ ಹೇಳುವ ಧೈರ್ಯ ನನಗಿಲ್ಲ. ಚುನಾವಣೆ ಹತ್ತಿರ ಬಂದಾಗ ಪತ್ರಿಕೆಯನ್ನು ಇನ್ನಷ್ಟು ಎಚ್ಚರದಿಂದ ಓದಬೇಕು. ಮತದಾನಕ್ಕೆ 48 ಗಂಟೆ ಮೊದಲು ಬಹಿರಂಗ ಪ್ರಚಾರ ನಿಲ್ಲುತ್ತದೆ. ಟಿವಿ, ಸಿನಿಮಾಗಳಲ್ಲಿ ಪ್ರಚಾರ ಮಾಡುವಂತಿಲ್ಲ. ಈ ತಡೆ ಮುದ್ರಿತ ಪತ್ರಿಕೆಗೆ ಅನ್ವಯಿಸುವುದಿಲ್ಲ. ಮತದಾನದ ದಿನ ಮತ್ತು ಹಿಂದಿನ ದಿನದ ಜಾಹೀರಾತಿಗೆ ಮಾಧ್ಯಮ ಪ್ರಮಾಣೀಕರಣ ಸಮಿತಿಯ ಒಪ್ಪಿಗೆ ಇದ್ದರಾಯಿತು. ಹಾಗಾಗಿ ಓಟಿನ ದಿನ ಬೆಳಿಗ್ಗೆ ಮುಖಪುಟವೇ ಪಕ್ಷವೊಂದರ ಜಾಹೀರಾತಾಗಿ ಮನೆ ಬಾಗಿಲಿಗೆ ಬೀಳಬಹುದು. ಸುದ್ದಿಯ ಅಕ್ಷರ, ಸುದ್ದಿಯ ವಿನ್ಯಾಸ, ಮೂಲೆಯಲ್ಲಿ ಸಣ್ಣದಾಗಿ ‘ಜಾಹೀರಾತು’ ಎಂದಿರುತ್ತದೆ. ಆ ಒಂದು ಪದ ಇದೆಯೇ ಎಂದು ನೋಡುವ ಕಣ್ಣು ಮೊದಲು ಬೆಳೆಯಬೇಕು. 2023ರಲ್ಲಿ ಬಿಜೆಪಿ ಸರ್ಕಾರದ ‘ಭ್ರಷ್ಟಾಚಾರದ ದರಪಟ್ಟಿ’ ಎಂದು ಕಾಂಗ್ರೆಸ್ ಕೊಟ್ಟ ಪತ್ರಿಕಾ ಜಾಹೀರಾತಿಗೆ ಚುನಾವಣಾ ಆಯೋಗ ನೋಟಿಸು ಕೊಟ್ಟಿತು. 2024ರಲ್ಲಿ ಬಂಗಾಳದಲ್ಲಿ ಬಿಜೆಪಿ ಕೊಟ್ಟ ಜಾಹೀರಾತುಗಳಿಗೆ ಕಲ್ಕತ್ತಾ ಹೈಕೋರ್ಟ್ ತಡೆ ಹಾಕಿತು. ಯಾವ ಪಕ್ಷವೂ ಈ ವಿಷಯದಲ್ಲಿ ಸಾಚಾ ಅಲ್ಲ. ಇನ್ನು ಜಾಹೀರಾತು ಎಂಬ ಪದವನ್ನೂ ಹಾಕದೆ ಹಣ ಪಡೆದು ಛಾಪಿಸುವ ‘ಕಾಸಿಗಾಗಿ ಸುದ್ದಿ’ಯ ಪಿಡುಗಿದೆ, ಪ್ರೆಸ್ ಕೌನ್ಸಿಲ್ಲೇ 2010ರಲ್ಲಿ ಅದರ ಬಗ್ಗೆ ವರದಿ ತಯಾರಿಸಬೇಕಾಯಿತು. ಗುರುತು ಹಿಡಿಯುವ ಸರಳ ಉಪಾಯ: ಒಬ್ಬ ಅಭ್ಯರ್ಥಿ ಹೋದಲ್ಲೆಲ್ಲ ‘ಜನಸಾಗರ’ವೇ ಇದ್ದು, ಎದುರಾಳಿಯ ಹೆಸರೂ ಇಲ್ಲದೆ, ಒಂದೂ ಪ್ರಶ್ನೆ ಇಲ್ಲದ ಸುದ್ದಿ ಎರಡು ಪತ್ರಿಕೆಗಳಲ್ಲಿ ಒಂದೇ ವಾಕ್ಯಗಳಲ್ಲಿ ಬಂದಿದ್ದರೆ ಅದು ವರದಿಗಾರ ಬರೆದದ್ದಲ್ಲ.

ಇಷ್ಟೆಲ್ಲ ದೋಷವಿದ್ದೂ ಪತ್ರಿಕೆಯ ಪರ ನಾನು ಮಾತಾಡುವುದಕ್ಕೆ ಕಾರಣ ಕೊನೆಯ ಪುಟದ ಅಡಿಯಲ್ಲಿರುವ ಒಂದು ಸಾಲು. ಕನ್ನಡಕ ಬೇಕಾಗುವಷ್ಟು ಸಣ್ಣ ಅಕ್ಷರ: ಮುದ್ರಕರು, ಪ್ರಕಾಶಕರು ಇಂಥವರು, ಇಂಥ ಮುದ್ರಣಾಲಯದಲ್ಲಿ ಮುದ್ರಿಸಿ ಇಂಥ ವಿಳಾಸದಿಂದ ಪ್ರಕಟಿಸಲಾಗಿದೆ, ಸಂಪಾದಕರು ಇಂಥವರು. ಪತ್ರಿಕೆಗಳ ಮೇಲೆ ಕಣ್ಣಿಡಲು ಬ್ರಿಟಿಷರು 1867ರಲ್ಲಿ ಮಾಡಿದ ಕಾನೂನಿನಿಂದ ಬಂದ ಸಾಲು ಅದು. ಆ ಕಾನೂನು ಹೋಗಿ 2023ರ ಹೊಸ ಕಾಯ್ದೆ ಬಂದಿದೆ. ಆಳುವವರ ಅನುಕೂಲಕ್ಕೆ ಹುಟ್ಟಿದ ಸಾಲು ಈಗ ಓದುಗನ ಆಯುಧ. ಸುಳ್ಳು ಬರೆದರೆ ಯಾರ ಮೇಲೆ ಕೇಸು ಹಾಕಬೇಕು, ಯಾರ ವಿರುದ್ಧ ಪ್ರೆಸ್ ಕೌನ್ಸಿಲ್‌ಗೆ ದೂರಬೇಕು ಎಂಬುದಕ್ಕೆ ಹೆಸರು, ವಿಳಾಸ ಸಮೇತ ಉತ್ತರವಿದೆ. ಚುನಾವಣೆಯಲ್ಲಿ ಹಂಚುವ ಕರಪತ್ರಕ್ಕೂ ಮುದ್ರಕ, ಪ್ರಕಾಶಕರ ಹೆಸರು ಇರಲೇಬೇಕು. ರಾತ್ರಿ ಹನ್ನೊಂದಕ್ಕೆ ವಾಟ್ಸ್‌ಆ್ಯಪ್ ಗುಂಪಿಗೆ ಬೀಳುವ ‘ಬ್ರೇಕಿಂಗ್’ಗೆ ಅಂಥ ಸಾಲಿಲ್ಲ. ಅದನ್ನು ಕಳಿಸಿದ್ದು ನಮ್ಮ ಚಿಕ್ಕಪ್ಪನ ಮಗ. ಅವನಿಗೆ ಕಳಿಸಿದವರು ಯಾರೋ. ಮೊದಲು ಬರೆದವನು ಯಾರೆಂದು ದೇವರಿಗೇ ಗೊತ್ತು.

ಹೊಸ ಮತದಾರ ಚುನಾವಣೆ ಹೊತ್ತಿನಲ್ಲಿ ಪತ್ರಿಕೆಯಲ್ಲಿ ಹುಡುಕಲೇಬೇಕಾದ ಇನ್ನೊಂದು ವಸ್ತುವಿದೆ, ಅದೂ ಸುದ್ದಿಯಲ್ಲ. ಟೆಂಡರು, ಹರಾಜು, ಕಳೆದುಹೋದ ಅಂಕಪಟ್ಟಿಯ ಪ್ರಕಟಣೆಗಳ ನಡುವೆ ಒಂದು ಕೋಷ್ಟಕ: ‘ಕ್ರಿಮಿನಲ್ ಪ್ರಕರಣಗಳ ಕುರಿತ ಘೋಷಣೆ’. ಅಭ್ಯರ್ಥಿಯ ಹೆಸರು, ಪಕ್ಷ, ಕ್ಷೇತ್ರ. ಕೆಳಗೆ ನ್ಯಾಯಾಲಯ, ಪ್ರಕರಣದ ಸಂಖ್ಯೆ, ಈಗಿನ ಹಂತ, ಕಲಮುಗಳು, ಅಪರಾಧದ ಚುಟುಕು ವಿವರ. 2018ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ಫಲ ಇದು. ನಾಮಪತ್ರ ವಾಪಸಿನ ಕೊನೆಯ ದಿನ ಕಳೆದ ಮೇಲೆ ಮತದಾನದೊಳಗೆ ಮೂರು ಸಲ ಅಭ್ಯರ್ಥಿ ತನ್ನ ಖರ್ಚಿನಲ್ಲಿ ತನ್ನ ಮೇಲಿನ ಕೇಸುಗಳನ್ನು ತಾನೇ ಪ್ರಕಟಿಸಬೇಕು. 2020ರಲ್ಲಿ ಕೋರ್ಟು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಕೇಸಿಲ್ಲದ ಬೇರೊಬ್ಬರು ಯಾಕೆ ಸಿಗಲಿಲ್ಲ ಎಂದು ಪಕ್ಷವೇ ಕಾರಣ ಕೊಡಬೇಕು, ‘ಗೆಲ್ಲುತ್ತಾರೆ’ ಎಂಬುದಷ್ಟೇ ಕಾರಣವಾಗಕೂಡದು ಎಂದಿತು. ಪಕ್ಷಗಳು ಕೊಡುವ ಕಾರಣಗಳನ್ನು ಓದುವುದು ಒಳ್ಳೆಯ ಮನರಂಜನೆ. ‘ಜನಪ್ರಿಯ ಸಮಾಜಸೇವಕರು’, ‘ಪ್ರಕರಣ ರಾಜಕೀಯ ಪ್ರೇರಿತ’ ಎಂಬಂಥ ಮಾತುಗಳೇ ಎಲ್ಲೆಲ್ಲೂ. ಕೆಲವು ಪ್ರಕರಣ ನಿಜಕ್ಕೂ ಪ್ರತಿಭಟನೆಗೆ ಹೋಗಿ ಹಾಕಿಸಿಕೊಂಡವೇ ಆಗಿರುತ್ತವೆ, ಕೆಲವು ಹಾಗಲ್ಲ. ಯಾವುದು ಏನೆಂದು ಕಲಮು ನೋಡಿ ಅಂದಾಜಿಸಬಹುದು. ಆಸ್ತಿ, ಸಾಲ, ವಿದ್ಯಾಭ್ಯಾಸ ಎಲ್ಲ ಇರುವ ಪೂರ್ತಿ ಪ್ರಮಾಣಪತ್ರ ಚುನಾವಣಾ ಆಯೋಗದ ಆ್ಯಪ್‌ನಲ್ಲಿ ಸಿಗುತ್ತದೆ. ಮೊಬೈಲು ಕೈಯಲ್ಲಿರುವುದು ಇಂಥದ್ದಕ್ಕೂ ಆಗಬೇಕು.

ಒಂದು ಓಟಿನಿಂದ ಏನಾಗುತ್ತದೆ ಎನ್ನುವವರಿಗೆ ಮಡಿಕೇರಿ ಕ್ಷೇತ್ರವೇ ಉತ್ತರ. 2023ರಲ್ಲಿ ಹಾಲಿ ಶಾಸಕ ಅಪ್ಪಚ್ಚು ರಂಜನ್ ಸೋತದ್ದು ಐದು ಸಾವಿರದೊಳಗಿನ ಅಂತರದಲ್ಲಿ.

ಆದರೆ ಈ ಪೀಳಿಗೆಯ ಮತದಾರರಿಗೆ ಒಂದು ಅನ್ಯಾಯವೂ ಆಗಿದೆ, ಅದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ರಾಜ್ಯದಲ್ಲಿ ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆ ನಡೆಯಿತು. 2021ರಲ್ಲಿ ಆ ಅವಧಿ ಮುಗಿಯಿತು. ಕ್ಷೇತ್ರ ಮರುವಿಂಗಡಣೆ, ಮೀಸಲಾತಿ, ಕೋರ್ಟು ಎಂದು ಮುಂದೂಡುತ್ತ ವರ್ಷಗಟ್ಟಲೆ ಅಧಿಕಾರಿಗಳ ಆಡಳಿತವೇ ನಡೆಯಿತು. ಆ ವರ್ಷಗಳಲ್ಲಿ ಅಧಿಕಾರ ನಡೆಸಿದ ಎಲ್ಲ ಪಕ್ಷಗಳಿಗೂ ಇದರಲ್ಲಿ ಪಾಲಿದೆ. ಹದಿನೆಂಟಕ್ಕೆ ಕಾಲಿಟ್ಟು ಇಪ್ಪತ್ತು ದಾಟಿದ ಎಷ್ಟೋ ಮಂದಿ ತಮ್ಮ ಜಿಲ್ಲಾ ಪಂಚಾಯಿತಿ ಸದಸ್ಯರು ಎಂದರೆ ಯಾರು ಎಂಬುದನ್ನೇ ತಿಳಿಯದೆ ಬೆಳೆದರು. ಶಾಲೆಯ ಸೋರುವ ಮಾಳಿಗೆ, ಕುಡಿಯುವ ನೀರು, ಅಂಗನವಾಡಿಯ ಮಾತು ಆಡಬೇಕಾದ ಮೆಟ್ಟಿಲೇ ಇಲ್ಲದಂತಾಯಿತು. ಎಲ್ಲದಕ್ಕೂ ಎಂಎಲ್‌ಎ ಮನೆಯ ಮುಂದೆ ನಿಲ್ಲುವ ಅಭ್ಯಾಸ ಬಿದ್ದದ್ದಕ್ಕೆ ಇದೂ ಒಂದು ಕಾರಣ.

ಆಗ ಉಳಿದದ್ದು ಗ್ರಾಮ ಪಂಚಾಯಿತಿ. ಅಲ್ಲಿ ಪಕ್ಷದ ಗುರುತಿಲ್ಲ. ಆದರೂ ಆಟೊ ರಿಕ್ಷಾ ಯಾವ ಪಕ್ಷದ್ದು, ಹೊಲಿಗೆ ಯಂತ್ರ ಯಾವ ಪಕ್ಷದ್ದು ಎಂದು ಊರಿಗೆಲ್ಲ ಗೊತ್ತು. ಮತದಾರರ ಪಟ್ಟಿಗೆ ಹೆಸರು ಸೇರಿದ ಗಳಿಗೆಯಿಂದಲೇ ಹದಿನೆಂಟರ ಹುಡುಗ, ಹುಡುಗಿ ಗ್ರಾಮಸಭೆಯ ಸದಸ್ಯರಾಗುತ್ತಾರೆ. ಸಂವಿಧಾನದ ಪ್ರಕಾರ ಗ್ರಾಮಸಭೆ ಎಂದರೆ ಪಟ್ಟಿಯಲ್ಲಿರುವ ಮತದಾರರೇ. ಆರು ತಿಂಗಳಿಗೊಮ್ಮೆಯಾದರೂ ಅದನ್ನು ಕರೆಯಬೇಕು. ಅಲ್ಲಿ ಎದ್ದು ನಿಂತು ‘ಸರ್, ಹೋದ ಸಭೇಲಿ ಚರಂಡಿ ಮಾಡ್ತೀವಿ ಅಂದಿದ್ರಲ್ಲ, ಪೇಪರಲ್ಲೂ ಬಂದಿತ್ತು’ ಎಂದು ಕೇಳಲು ಯಾರ ಅನುಮತಿಯೂ ಬೇಡ. ಸಾಮಾನ್ಯವಾಗಿ ಈ ಸಭೆಗಳಲ್ಲಿ ಕಾಣುವುದು ಹಿರಿಯರು, ಇಲಾಖೆಯವರು, ಮನೆ ಮಂಜೂರಾತಿಗೆ ಬಂದವರು. ಕಾಲೇಜಿಗೆ ಹೋಗುವವರು ಕಾಣುವುದು ಅಪರೂಪ. ಸಭೆಯ ದಿನಾಂಕ ಪಂಚಾಯಿತಿಯ ನೋಟಿಸು ಬೋರ್ಡಿನಲ್ಲಿರುತ್ತದೆ, ಜಿಲ್ಲಾ ಪುಟದ ‘ಇಂದಿನ ಕಾರ್ಯಕ್ರಮ’ದಲ್ಲಿ ಒಂದು ಸಾಲಾಗಿ ಬಂದರೂ ಬಂತು. ಓದದಿದ್ದರೆ ಗೊತ್ತಾಗುವುದಿಲ್ಲ.

ಹದಿನೆಂಟಕ್ಕೆ ಓಟು ಬಂದದ್ದೂ ಬಹಳ ಹಿಂದೇನಲ್ಲ. ಮೊದಲು ಇಪ್ಪತ್ತೊಂದು ಇತ್ತು. 61ನೇ ತಿದ್ದುಪಡಿ 1989ರ ಮಾರ್ಚ್ 28ರಿಂದ ಜಾರಿಗೆ ಬಂದು, ಅದೇ ವರ್ಷ ನವೆಂಬರಿನ ಚುನಾವಣೆಯಲ್ಲಿ ಹದಿನೆಂಟರವರು ಮೊದಲ ಸಲ ಲೋಕಸಭೆಗೆ ಮತ ಹಾಕಿದರು. ಈಗಿನ ಯುವಜನ ಅಕ್ಷರಸ್ಥರು, ತಿಳಿವಳಿಕೆಯುಳ್ಳವರು ಎಂಬುದು ಆಗ ಸರ್ಕಾರ ಕೊಟ್ಟ ಕಾರಣ. 2024ರ ಲೋಕಸಭಾ ಚುನಾವಣೆಯ ಹೊತ್ತಿಗೆ ದೇಶದಲ್ಲಿ ಮೊದಲ ಸಲದ ಮತದಾರರೇ 1.8 ಕೋಟಿಗೂ ಹೆಚ್ಚು ಎಂದು ಆಯೋಗ ಹೇಳಿತು. ಅವರ ಬೆರಳಿಗೆ ಹಚ್ಚಿದ ಶಾಯಿ ನಮ್ಮ ಮೈಸೂರಿನದು. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಸ್ಥಾಪಿಸಿದ ಬಣ್ಣದ ಕಾರ್ಖಾನೆಯಲ್ಲಿ ತಯಾರಾಗುವುದು. ಆ ಚುನಾವಣೆಯಲ್ಲಿ ಮೈಸೂರು-ಕೊಡಗಿನಿಂದ ಗೆದ್ದವರು ಅದೇ ರಾಜಮನೆತನದ ಯದುವೀರ್. ಅರಮನೆಯೂ ಈಗ ಶಿರಂಗಾಲದವರ ಓಟು ಕೇಳಲು ಬರಬೇಕು ಎಂಬುದು ಈ ವ್ಯವಸ್ಥೆಯ ಬಗ್ಗೆ ನನಗೆ ಬಹಳ ಇಷ್ಟವಾಗುವ ಸಂಗತಿ.

ಇನ್ನು ಪಟ್ಟಿಗೆ ಸೇರುವ ವಿಷಯ. ಮೊದಲು ಜನವರಿ 1ಕ್ಕೆ ಹದಿನೆಂಟು ತುಂಬಿರಬೇಕಿತ್ತು. ಜನವರಿ 2ರಂದು ಹುಟ್ಟಿದವರು ಒಂದು ವರ್ಷ ಕಾಯಬೇಕಿತ್ತು. 2022ರಿಂದ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳುಗಳ ಮೊದಲ ದಿನ, ಹೀಗೆ ವರ್ಷಕ್ಕೆ ನಾಲ್ಕು ಅರ್ಹತಾ ದಿನಾಂಕಗಳಿವೆ. ಹದಿನೇಳು ದಾಟಿದವರು ಮುಂಗಡವಾಗಿಯೇ ನಮೂನೆ 6 ತುಂಬಿ ಊರಿನ ಬಿಎಲ್‌ಒಗೆ ಕೊಡಬಹುದು, ಮೊಬೈಲಿನಲ್ಲೂ ಸಲ್ಲಿಸಬಹುದು. ವಯಸ್ಸಿನ ದಾಖಲೆ, ವಿಳಾಸದ ದಾಖಲೆ, ಒಂದು ಫೋಟೊ ಸಾಕು. ನಾಮಪತ್ರ ಸಲ್ಲಿಕೆಯ ಕೊನೆಯ ದಿನ ಮುಗಿದ ಮೇಲೆ ಆ ಚುನಾವಣೆಗೆ ಹೆಸರು ಸೇರಿಸುವುದಿಲ್ಲ. ಹದಿನೇಳು ತುಂಬಿದವರು ಮನೆಯಲ್ಲಿದ್ದರೆ ಈ ವಾರವೇ ಅರ್ಜಿ ಕೊಡಿಸಿ.